ಬಾಳೆಗುಳಿ ಹತ್ತಿರದ ಅಕ್ಕನ ಹೋಟೆಲ್: ಲಾರಿಯವರು ಊಟಕ್ಕೂ ನಿಲ್ಲಬೇಕು, ದಾರಿ ಕೇಳೋದಕ್ಕೂ ನಿಲ್ಲಬೇಕು

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಇಳಿಯುವವರು, ಶಿರಸಿಯಿಂದ ಯಲ್ಲಾಪುರ ಸುತ್ತಿ ಬರುವವರು, ಗೋವಾದಿಂದ ಮಂಗಳೂರಿಗೆ ಹೋಗುವವರು, ಲಾರಿ ಓಡಿಸುವ ಎಲ್ಲರಿಗೂ ಈ ಹೋಟೆಲ್ ಗೊತ್ತಿರಬೇಕು ಅಂತ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಕಡೆಯಿಂದ ಬರುವಾಗ ಬಾಳೆಗುಳಿ ಕ್ರಾಸಿಗೆ (ಅಂಕೋಲಾ ಹತ್ತಿರ ಹುಬ್ಬಳ್ಳಿ ರಸ್ತೆ ಕರಾವಳಿ ಹೆದ್ದಾರಿಗೆ ಸೇರುವ ಜಾಗ) ಸ್ವಲ್ಪ ಮೊದಲು ಎಡಗಡೆ ಸಿಗುತ್ತದೆ. ಹಳೇ ಹೆಂಚಿನ ಮನೆ, ಮುಂದುಗಡೆ ಶೀಟು ಇಳಿಸಿದ್ದಾರೆ. ‘ಊಟ ತಯಾರಿದೆ’ ಅಂತ ಒಂದು ತಗಡಿನ ಬೋರ್ಡ್ ಇದೆ, ಹೆಸರಿಲ್ಲ. ನಾವೆಲ್ಲ ಅಕ್ಕನ ಹೋಟೆಲ್ ಅಂತೀವಿ.

ನಾನು ಶಿರಸಿಯವನು. ಸ್ವಂತ ಲಾರಿ, ಆರು ಚಕ್ರದ್ದು. ಬೇಸಿಗೆಯಲ್ಲಿ ಮುಂಡಗೋಡ, ಹಾನಗಲ್ ಕಡೆಯ ಒಣಹುಲ್ಲು ಕರಾವಳಿಗೆ ಇಳಿಸುತ್ತೇನೆ, ವಾಪಸ್ ಬರುವಾಗ ಚಿರೆಕಲ್ಲು ಸಿಕ್ಕರೆ ಹೇರುತ್ತೇನೆ. ಮಳೆಗಾಲದಲ್ಲಿ ಹಿಂಡಿ, ಸಿಮೆಂಟ್, ಸಿಕ್ಕಿದ್ದು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಇಳಿದರೆ ಸುಮಾರು 60 ಕಿಲೋಮೀಟರ್. ಆ ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಅದನ್ನು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು ಎಷ್ಟು ಸಲ ಆಯಿತೋ. ಬೇಸಿಗೆಯಲ್ಲಿ ಕೆಲಸಕ್ಕೆ ಮುಚ್ಚುತ್ತಾರೆ, ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ ಅಂತ ದೊಡ್ಡ ಗಾಡಿ ಬಿಡುವುದಿಲ್ಲ. ಆಗ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಕುಮಟಾಕ್ಕೆ ಬರಬೇಕು. ಇಲ್ಲವೇ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರಕ್ಕೆ ಬರಬೇಕು. ಹೇಗೆ ಬಂದರೂ ದೂರ ಇಮ್ಮಡಿಗೂ ಜಾಸ್ತಿ. ಲೋಡ್ ಗಾಡಿ ಲೀಟರಿಗೆ ನಾಲ್ಕೋ ನಾಲ್ಕೂವರೆಯೋ ಕಿಲೋಮೀಟರ್ ಕೊಡುತ್ತದೆ. ಹೆಚ್ಚಿಗೆ 90 ಕಿಲೋಮೀಟರ್ ಓಡಿದರೆ 20 ಲೀಟರ್ ಡೀಸೆಲ್ ಹೋಯಿತು. ಹುಲ್ಲಿನ ಬಾಡಿಗೆಯಲ್ಲಿ ಅದು ಸಣ್ಣ ಮೊತ್ತ ಅಲ್ಲ. ಹಾಗೆ ಸುತ್ತಿ ಬರುವಾಗಲೇ ನನಗೆ ಈ ಹೋಟೆಲ್ ಸಿಕ್ಕಿದ್ದು.

ಮೊದಲು ಕರಿಹಲಗೆ ವಿಷಯ ಹೇಳುತ್ತೇನೆ.

ಕೈತೊಳೆಯುವ ಜಾಗದ ಪಕ್ಕದ ಗೋಡೆಗೆ ಶಾಲೆಯಲ್ಲಿ ಇರುವಂಥ ಹಲಗೆ ಹಾಕಿದ್ದಾರೆ. ಅದರಲ್ಲಿ ಅರಬೈಲ್, ದೇವಿಮನೆ, ಗೇರುಸೊಪ್ಪ, ಅಣಶಿ, ಕೈಗಾ ರಸ್ತೆ, ಕಾಳಿ ಸೇತುವೆ ಅಂತ ಬಿಳಿ ಬಣ್ಣದಲ್ಲಿ ಬರೆದಿದೆ. ಮುಂದಿನದು ಸೀಮೆಸುಣ್ಣದ್ದು. ಯಾರೇ ಡ್ರೈವರ್ ಬಂದು ಕೂತರೂ ಅಕ್ಕ ನೀರಿನ ತಂಬಿಗೆ ಇಡುವಾಗಲೇ ಕೇಳುತ್ತಾರೆ: ‘ಎಲ್ಲಿಂದ ಬಂದೆ ತಮ್ಮಾ? ದಾರಿ ಹೇಗುಂಟು?’ ಹೇಳಿದ್ದನ್ನು ಆಗಲೇ ಬರೆಯುತ್ತಾರೆ. ಒಂದು ಸಾಲು ಹೀಗಿತ್ತು: ‘ದೇವಿಮನೆ, ಬಸ್ ಬಿಡ್ತಾರೆ, ಲಾರಿ ಇಲ್ಲ, ಬೆಳಿಗ್ಗೆ 7-20, ಹಾಲಿನ ಗಾಡಿ.’ ಏನು ನೋಡಿದ್ದು, ಯಾವಾಗ ನೋಡಿದ್ದು, ಯಾವ ಗಾಡಿಯವರು ನೋಡಿದ್ದು, ಮೂರೂ ಅದರಲ್ಲಿ ಬಂತು. ಬೆಳಗಿನ ಸುದ್ದಿಯನ್ನು ಸಂಜೆಯ ತನಕ ಇಡುವುದಿಲ್ಲ, ಅಳಿಸುತ್ತಾರೆ. ಖಾಲಿ ಇದ್ದರೆ ಸುದ್ದಿ ಇಲ್ಲ ಅಂತ ಅರ್ಥ, ರಸ್ತೆ ಚೆನ್ನಾಗಿದೆ ಅಂತಲ್ಲ. ಹೊಸಬರಿಗೆ ಅಕ್ಕ ಇದನ್ನು ಬಿಡಿಸಿ ಹೇಳುತ್ತಾರೆ.

ವಾಟ್ಸಾಪಿನಲ್ಲಿ ಸುದ್ದಿ ಬರುತ್ತದಲ್ಲ ಅಂತ ನೀವು ಕೇಳಬಹುದು. ಬರುತ್ತದೆ. ಹೋದ ವರ್ಷದ ವಿಡಿಯೋನೂ ಬರುತ್ತದೆ, ಬೇರೆ ಜಿಲ್ಲೆಯ ಘಟ್ಟದ್ದೂ ಬರುತ್ತದೆ, ಎಲ್ಲದರ ಮೇಲೂ ‘ಈಗಷ್ಟೇ’ ಅಂತ ಬರೆದಿರುತ್ತದೆ. ಮಣ್ಣು ಕುಸಿದ ವಿಡಿಯೋ ನೋಡಿ ಗಾಡಿ ತಿರುಗಿಸಿ, ಸುಮ್ನೆ ಗೇರುಸೊಪ್ಪ ಸುತ್ತಿ ಹೋದವರನ್ನು ನೋಡಿದ್ದೇನೆ. ಆ ಹೊತ್ತಿಗೆ ಅರಬೈಲಿನಲ್ಲಿ ಗಾಡಿ ಸರಾಗವಾಗಿ ಓಡುತ್ತಿತ್ತು.

ಮೊಬೈಲ್ ಮ್ಯಾಪಿನ ಕಥೆ ಬೇರೆ. ನಾವು ಬಳಸುವ ಮ್ಯಾಪಿಗೆ ನಮ್ಮದು ಕಾರೋ ಲಾರಿಯೋ ತಿಳಿಯುವುದಿಲ್ಲ. ಮುಂದೆ ಜಾಮ್ ಕಂಡರೆ ಊರೊಳಗಿನ ಒಂದು ನೀಲಿ ಗೆರೆ ತೋರಿಸುತ್ತದೆ. ಆ ಗೆರೆಯ ನಡುವೆ ರೈಲ್ವೆ ಕೆಳಸೇತುವೆ ಇದೆಯೋ, ಕರೆಂಟ್ ತಂತಿ ಜೋತು ಬಿದ್ದಿದೆಯೋ, ಅದಕ್ಕೆ ಬೇಕಿಲ್ಲ. ಕೊಂಕಣ ರೈಲ್ವೆ ನಮ್ಮ ಕರಾವಳಿಯ ಉದ್ದಕ್ಕೂ ಹೋಗಿದೆ. ಒಳರಸ್ತೆ ಹಿಡಿದರೆ ಎಲ್ಲಾದರೂ ಒಂದು ಕಡೆ ಹಳಿಯ ಅಡಿಯಲ್ಲಿ ನುಗ್ಗಲೇಬೇಕು. ಹೆದ್ದಾರಿ ಅಗಲ ಮಾಡಿದ ಮೇಲೆ ಅಂಡರ್‌ಪಾಸುಗಳೂ ಸೇರಿಕೊಂಡವು. ದೊಡ್ಡ ಗಾಡಿಗೆ ಅಂತ ಮಾಡಿದ್ದು ಐದೂವರೆ ಮೀಟರ್ ಎತ್ತರ ಇರುತ್ತದೆ, ಯಾವ ಚಿಂತೆಯೂ ಇಲ್ಲ. ಸಣ್ಣ ಗಾಡಿಗೆ ಅಂತ ಮಾಡಿದ್ದು 4 ಮೀಟರ್, ಹಳೆಯದಾದರೆ ಮೂರೂವರೆ. ಲಾರಿಗೆ ಕಾನೂನು ಬಿಟ್ಟಿರುವ ಎತ್ತರವೇ 4 ಮೀಟರ್. ಲೆಕ್ಕ ಹಾಕಿ ನೋಡಿ.

ಇಲ್ಲಿ ಅಕ್ಕನ ಎರಡನೇ ಸಾಮಾನು ಕೆಲಸಕ್ಕೆ ಬರುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಟ್ಟೆಯ ಉದ್ದನೆ ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಒಳರಸ್ತೆ ಒಂದಕ್ಕೆ ಒಂದೊಂದು ಪುಟ. ಯಾವ ಊರು ದಾಟಿದ ಮೇಲೆ ಸೇತುವೆ, ಎಷ್ಟು ಎತ್ತರ, ಆ ಕಡೆ ಗಾಡಿ ತಿರುಗಿಸಲು ಜಾಗ ಇದೆಯೋ ಇಲ್ಲವೋ, ಎಲ್ಲ ಬರೆದಿದೆ. ಸರ್ಕಾರಿ ಬೋರ್ಡಿನಲ್ಲಿ ಮೀಟರ್ ಇರುತ್ತದೆ, ನಮಗೆ ತಲೆಯಲ್ಲಿ ಓಡುವುದು ಅಡಿ, ಇಂಚು. ಇದರಲ್ಲಿ ಎರಡೂ ಇದೆ. ಬರೆದವರು ಅಕ್ಕ ಅಲ್ಲ, ನಾವೇ. ಯಾರು ಆ ದಾರಿಯಲ್ಲಿ ಹೋದರೋ ಅವರು ಟೇಪ್ ಹಿಡಿದು ಅಳೆದು ಬಂದು ಬರೆಯುತ್ತಾರೆ. ಸುಮ್ನೆ ಅಂದಾಜಿಗೆ ಹೇಳಿದರೆ ಅಕ್ಕ ಬರೆಯಲು ಬಿಡುವುದಿಲ್ಲ. ‘ಅಳೆದದ್ದಾ, ಕಂಡದ್ದಾ?’ ಅಂತ ಕೇಳುತ್ತಾರೆ.

ಒಂದು ಪುಟದ ಅಂಚಿನಲ್ಲಿ ಯಾರೋ ನೀಲಿ ಪೆನ್ನಿನಲ್ಲಿ ‘ಡಾಂಬರು ಹೊಸದು, ಬೋರ್ಡ್ ಹಳೇದು’ ಅಂತ ಬರೆದಿದ್ದಾರೆ. ಕೆಲಸ ಗೊತ್ತಿದ್ದವರ ಮಾತು ಅದು. ಸೇತುವೆ ಅಡಿಯಲ್ಲಿ ಹಳೇ ಡಾಂಬರಿನ ಮೇಲೆ ಹೊಸದನ್ನು ಹಾಕಿದಷ್ಟೂ ರಸ್ತೆ ಮೇಲೆ ಬರುತ್ತದೆ, ಎತ್ತರ ಕಮ್ಮಿಯಾಗುತ್ತದೆ. ಬೋರ್ಡ್ ಮಾತ್ರ ಹಾಗೆಯೇ ಇರುತ್ತದೆ. ಇನ್ನೊಂದು ಕಡೆ ‘ಖಾಲಿ ಗಾಡಿ ಹುಷಾರು’ ಅಂತಿದೆ. ಲೋಡ್ ಇದ್ದಾಗ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕೂತಿರುತ್ತದೆ, ಟೈರೂ ಒತ್ತಿರುತ್ತದೆ. ಖಾಲಿ ಮಾಡಿದ ಮೇಲೆ ಬಾಡಿ ಮೇಲೇಳುತ್ತದೆ. ಎತ್ತರದ ಮುಚ್ಚಿದ ಬಾಡಿಯ ಗಾಡಿ ಹೋಗುವಾಗ ದಾಟಿದ ಸೇತುವೆಗೆ ಬರುವಾಗ ತಾಗುವುದು ಇದಕ್ಕೇ. ಕೆಳಸೇತುವೆಯ ಹತ್ತಿರ ರಸ್ತೆ ತಗ್ಗಿಗೆ ಇಳಿದು ಮತ್ತೆ ಏರುತ್ತಿದ್ದರೆ ಇನ್ನೂ ಎಚ್ಚರ ಬೇಕು. ಉದ್ದನೆ ಗಾಡಿಯ ಮುಂದಿನ ಚಕ್ರ ಏರಿನಲ್ಲಿ, ಹಿಂದಿನ ಚಕ್ರ ಇಳಿಜಾರಿನಲ್ಲಿ ಇರುವಾಗ ನಡುವಿನ ಭಾಗ ತಗ್ಗಿನ ನೆಲದಿಂದ ಎತ್ತರದಲ್ಲಿ ನಿಂತಿರುತ್ತದೆ. ಅಳತೆಗೆ ಸರಿಯಿದ್ದರೂ ಅಲ್ಲಿ ತಾಗುತ್ತದೆ.

ಒಂದು ಮಳೆಗಾಲದ ಸಂಜೆ ಅಂಕೋಲಾದಿಂದ ಕುಮಟಾ ಕಡೆಗೆ ಹೆದ್ದಾರಿಯಲ್ಲಿ ಮಣ್ಣು ಬಂದು ಗಾಡಿಗಳು ನಿಂತಿದ್ದವು. ಹರಿಯಾಣದ ಕಡೆಯ ಒಬ್ಬ ಹುಡುಗ ಟ್ರೇಲರಿನಲ್ಲಿ ಎತ್ತರದ ಕಂಟೇನರ್ ತಂದಿದ್ದ, ಮಂಗಳೂರಿಗೆ ಹೋಗಬೇಕಿತ್ತು. ಫೋನ್ ತೋರಿಸಿದ ಒಳದಾರಿಯಲ್ಲಿ ಹೊರಡಲು ಅರ್ಧ ಎದ್ದಿದ್ದ. ಅಕ್ಕ ಎತ್ತರ ಕೇಳಿದರು. ಅವನಿಗೆ ಗೊತ್ತಿಲ್ಲ, ಬಿಲ್ಟಿಯಲ್ಲಿ (ಲೋಡಿನ ಚೀಟಿ) ಬರೀ ತೂಕ ಇತ್ತು. ಅಲ್ಲೇ ಚಹಾ ಕುಡಿಯುತ್ತಿದ್ದ ವಯಸ್ಸಾದ ಡ್ರೈವರ್ ಒಬ್ಬರು ಎದ್ದು ಮಳೆಯಲ್ಲೇ ಹೋದರು. ಬಾಗಿಲ ಮೂಲೆಯಲ್ಲಿದ್ದ ಬಿದಿರಿನ ಗಳ ತಗೊಂಡು ಕಂಟೇನರ್ ಪಕ್ಕ ನಿಲ್ಲಿಸಿದರು. ಆ ಗಳಕ್ಕೆ ಅಡಿಗೊಂದು ಕೆಂಪು ಗೆರೆ ಹಾಕಿದೆ. ಹದಿನಾಲ್ಕೂವರೆ ಅಡಿ ಬಂತು. ಕಂಟೇನರಿನದೇ ಒಂಬತ್ತೂವರೆ, ಟ್ರೇಲರಿನ ಹಲಗೆ ನೆಲದಿಂದ ಐದಡಿ. ಪುಸ್ತಕದಲ್ಲಿ ಆ ದಾರಿಯ ರೈಲ್ವೆ ಕೆಳಸೇತುವೆಗೆ 12 ಅಡಿ ಅಂತ ಬರೆದಿತ್ತು. ‘ಆ ಕಡೆ ತಿರುಗಿಸಲು ಜಾಗ ಇಲ್ಲ’ ಅಂತಲೂ ಇತ್ತು. ಅಷ್ಟು ಉದ್ದದ ಗಾಡಿಯನ್ನು ಎರಡು ಕಡೆ ತೋಟದ ಬೇಲಿ ಇರುವ ರಸ್ತೆಯಲ್ಲಿ ಕತ್ತಲಲ್ಲಿ ರಿವರ್ಸ್ ತೆಗೆಯುವುದು ಎಂದರೆ ಏನು ಅಂತ ಲಾರಿ ಓಡಿಸಿದವರಿಗೆ ಗೊತ್ತು. ಹುಡುಗ ಅಲ್ಲೇ ಮಲಗಿದ. ಬೆಳಿಗ್ಗೆ ಹೆದ್ದಾರಿ ಒಂದು ಬದಿ ಬಿಟ್ಟರು, ಹೋದ.

ಹಳಿಯ ಸೇತುವೆಗೆ ಗುದ್ದಿದರೆ ನಮ್ಮ ಗಾಡಿ ಮಾತ್ರ ಹಾಳಾಗಿ ಮುಗಿಯುವುದಿಲ್ಲ. ರೈಲ್ವೆಯವರು ಬಂದು ಗರ್ಡರ್ ನೋಡುವ ತನಕ ಮೇಲೆ ಹೋಗುವ ರೈಲಿಗೂ ಅಪಾಯ. ಅದಕ್ಕೇ ಸೇತುವೆಗೆ ಮುಂಚೆ ಕಬ್ಬಿಣದ ಕಮಾನು ನಿಲ್ಲಿಸಿರುತ್ತಾರೆ, ಗುದ್ದಿದರೆ ಅದಕ್ಕೆ ಗುದ್ದಲಿ ಅಂತ. ಎಷ್ಟೋ ಕಡೆ ಆ ಕಮಾನು ಮೊದಲೇ ಬಾಗಿ ಹೋಗಿರುವುದನ್ನು ನೀವೂ ನೋಡಿರುತ್ತೀರಿ. ಅಕಸ್ಮಾತ್ ಸಿಕ್ಕಿಕೊಂಡರೆ ಆಕ್ಸಲರೇಟರ್ ಒತ್ತಿ ಎಳೆಯಬೇಡಿ. ಎಲ್ಲ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಇಳಿಸಿದರೆ ಗಾಡಿ ಎರಡು ಮೂರು ಇಂಚು ಕೂರುತ್ತದೆ, ನಿಧಾನ ಹಿಂದೆ ಬರಬಹುದು. ಇದೂ ಆ ಪುಸ್ತಕದ ಮೊದಲ ಪುಟದಲ್ಲಿದೆ.

ಹುಲ್ಲಿನ ಲಾರಿಯವರಿಗೆ ಸೇತುವೆಗಿಂತ ದೊಡ್ಡ ಹೆದರಿಕೆ ಕರೆಂಟ್ ತಂತಿ. ಡೈವರ್ಷನ್ ಅಂತ ಹಳ್ಳಿ ರಸ್ತೆಗೆ ಇಳಿದರೆ ಕಂಬದಿಂದ ಕಂಬಕ್ಕೆ ತಂತಿ ಜೋತು ಬಿದ್ದಿರುತ್ತದೆ. ಒಣಹುಲ್ಲಿಗೆ ಒಂದು ಕಿಡಿ ಸಾಕು. ಹಿಂದೆ ಬೆಂಕಿ ಹತ್ತಿದ್ದು ಡ್ರೈವರಿಗೆ ಕಾಣುವುದೇ ಇಲ್ಲ, ದಾರಿಯಲ್ಲಿ ನಿಂತವರು ಕೂಗಿ ಹೇಳಬೇಕು. ಹುಲ್ಲಿನ ಲೋಡಿನ ಇನ್ನೊಂದು ಕಷ್ಟ ಏನೆಂದರೆ ಅದರ ಅಳತೆ ನಿಲ್ಲುವುದಿಲ್ಲ. ಹಗ್ಗ ಬಿಗಿದಾಗ ಒಂದು ಎತ್ತರ ಇರುತ್ತದೆ. ಘಟ್ಟದ ತಿರುವಿನಲ್ಲಿ ಹಗ್ಗ ಸಡಿಲವಾದರೆ ಹುಲ್ಲು ಮೇಲೆ ಉಬ್ಬುತ್ತದೆ. ತಾಡಪಾಲಿನ ಒಳಗೆ ಗಾಳಿ ಹೊಕ್ಕರೆ ಇನ್ನೂ ಅರ್ಧ ಅಡಿ ಸೇರಿತು ಅಂತಲೇ ಲೆಕ್ಕ. ಮುಂಡಗೋಡದಲ್ಲಿ ಅಳೆದದ್ದು ಅಂಕೋಲಾದಲ್ಲಿ ಸರಿಯಿರುವುದಿಲ್ಲ.

ಅದಕ್ಕೆ ಈ ಹೋಟೆಲಿನ ಅಂಗಳದ ಬಾಯಲ್ಲಿ ಒಂದು ಏರ್ಪಾಟು ಇದೆ, ನನಗೆ ಬಹಳ ಇಷ್ಟವಾದದ್ದು. ಎರಡು ಅಡಿಕೆ ಮರದ ಕಂಬ ನೆಟ್ಟು, ನಡುವೆ ಒಂದು ಪಿವಿಸಿ ಪೈಪನ್ನು ಸರಪಳಿಯಲ್ಲಿ ಅಡ್ಡ ನೇತುಹಾಕಿದ್ದಾರೆ. ನೆಲದಿಂದ ಪೈಪಿನ ತಳಕ್ಕೆ ಸರಿಯಾಗಿ 13 ಅಡಿ, ಅಂದರೆ 4 ಮೀಟರಿಗೆ ಒಂದೂವರೆ ಇಂಚು ಕಮ್ಮಿ. ಪೈಪಿಗೆ ಖಾಲಿ ಡಬ್ಬಿ ಕಟ್ಟಿದ್ದಾರೆ. ಲೋಡ್ ತಾಗಿದರೆ ಪೈಪ್ ಹಿಂದಕ್ಕೆ ಓಲಾಡಿ ಡಬ್ಬಿ ಕಟಕಟ ಅನ್ನುತ್ತದೆ. ಗಾಡಿಗೂ ಏನೂ ಆಗುವುದಿಲ್ಲ, ಲೋಡಿಗೂ ಆಗುವುದಿಲ್ಲ. ಶಬ್ದ ಬಂದರೆ ಕ್ಲೀನರ್ ಹುಡುಗ ಮೇಲೆ ಹತ್ತಿ ಹಗ್ಗ ಬಿಗಿಯುತ್ತಾನೆ, ಬೇಕಾದರೆ ಎರಡು ಕಟ್ಟು ಹುಲ್ಲು ಇಳಿಸುತ್ತೇವೆ. ಆ ಹುಲ್ಲು ಅಕ್ಕನ ದನಕ್ಕೆ. ಎತ್ತರ ಮೀರಿದ ಲೋಡಿಗೆ ಕಾನೂನಿನಲ್ಲಿ 20,000 ರೂಪಾಯಿ ದಂಡ ಇದೆ, ಇಳಿಸುವ ಖರ್ಚು ಬೇರೆ. ಕೋಟಿಗಟ್ಟಲೆ ಕೊಟ್ಟು ಮಾಡಿಸಿದ ಹೆದ್ದಾರಿಯಲ್ಲಿ ಇಂಥ ಒಂದು ಪೈಪ್ ಘಟ್ಟದ ಬುಡಕ್ಕೆ, ತುದಿಗೆ ಯಾಕೆ ಇರಬಾರದು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಅಂಗಳದ ಬಗ್ಗೆ ಇನ್ನೊಂದು ಮಾತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಜಿಲ್ಲೆಯ ಯಾವ ಡ್ರೈವರೂ ಮರೆಯುವುದಿಲ್ಲ. ಹೆದ್ದಾರಿ ಬದಿಯಲ್ಲಿ ಚಹಾದ ಹೋಟೆಲ್ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. ಕಟ್ಟಿಗೆ ಹೇರಿದ್ದ ಲಾರಿ ಮತ್ತು ಅದರ ಕೇರಳದ ಡ್ರೈವರನ್ನು ನದಿಯಿಂದ ತೆಗೆದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮನೆಯವರು ಕಾದರು. ಅಲ್ಲಿ ಗಾಡಿ ನಿಲ್ಲಿಸಿದವರು ಮಾಡಿದ್ದು ನಾವೆಲ್ಲ ದಿನಾ ಮಾಡುವ ಕೆಲಸವನ್ನೇ. ಚಹಾ ಕುಡಿಯುವುದು, ಒಂದು ಗಂಟೆ ನಿದ್ದೆ ಮಾಡುವುದು. ಅಲ್ಲಿಂದ ಈಚೆಗೆ ನಾನು ಯಾವ ಹೋಟೆಲಿಗೆ ಹೋದರೂ ಮೊದಲು ಹಿಂದಿನ ಗುಡ್ಡ ನೋಡುತ್ತೇನೆ. ರಸ್ತೆಗೆ ಅಂತ ನೆಟ್ಟಗೆ ಕಡಿದ ಗುಡ್ಡ ಇದ್ದರೆ ಊಟ ಎಷ್ಟು ರುಚಿ ಇದ್ದರೂ ಮಳೆಯಲ್ಲಿ ನಿಲ್ಲಿಸುವುದಿಲ್ಲ. ಅಕ್ಕನ ಹೋಟೆಲ್ ಹಿಂದೆ ಗದ್ದೆ, ಅದರಾಚೆ ತೆಂಗಿನ ತೋಟ. ಗುಡ್ಡ ದೂರ. ಹಳ್ಳವೂ ಪಕ್ಕದಲ್ಲಿಲ್ಲ. ರಾತ್ರಿ ಕಣ್ಣು ಮುಚ್ಚಬಹುದಾದ ಜಾಗ.

ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೇ ಕಾಳಿ ಸೇತುವೆ ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಡ್ರೈವರ್ ಬದುಕಿದ. ಆಮೇಲೆ ಹೋಗುವುದು, ಬರುವುದು ಎರಡನ್ನೂ ಹೊಸ ಸೇತುವೆ ಮೇಲೇ ಬಿಟ್ಟರು. ಕರಿಹಲಗೆಯಲ್ಲಿ ಕಾಳಿ ಸೇತುವೆಗೆ ಒಂದು ಸಾಲು ಸೇರಿದ್ದು ಆಗಲೇ.

ಇನ್ನು ಊಟ. ಬೆಳಿಗ್ಗೆ ಬನ್ಸ್, ಪಾತಳ ಭಾಜಿ (ತೆಳ್ಳಗಿನ ಪಲ್ಯ), ಇಡ್ಲಿ. ಬನ್ಸ್ ಬಿಸಿಯಿರುವಾಗ ತಿನ್ನಿ, ಹತ್ತು ಗಂಟೆಯ ಮೇಲೆ ಎಣ್ಣೆ ಬಿಡುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಒಂದು ಪಲ್ಯ, ಸೋಲ್ ಕಡಿ (ಮುರುಗಲ ಹುಳಿ, ಕಾಯಿಹಾಲಿನದು). 120 ರೂಪಾಯಿ, ಅನ್ನ ಕೇಳಿದಷ್ಟು. ಸಾರಿನಲ್ಲಿ ಕಾಯಿ ನುಣ್ಣಗೆ ಅರೆದಿರುತ್ತದೆ, ಹುಳಿ ಹದವಾಗಿರುತ್ತದೆ. ಬಂಗಡೆ ಫ್ರೈ ಬೇರೆ ದುಡ್ಡು, ಆದರೆ ತಗೊಳ್ಳಿ. ರವೆ ಹಚ್ಚಿ ಕಾವಲಿಯಲ್ಲಿ ನಿಧಾನ ಬೇಯಿಸುತ್ತಾರೆ, ಚರ್ಮ ಗರಿಗರಿ, ಒಳಗೆ ಮೆತ್ತಗೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ತಾಜಾ ಮೀನು ಅಪರೂಪ. ಆಗ ಒಣಮೀನಿನ ಚಟ್ನಿ, ಮೊಟ್ಟೆ ಸಾರು ಮಾಡುತ್ತಾರೆ. ಡೈವರ್ಷನ್ ಹಾವಳಿ ಜಾಸ್ತಿ ಇರುವುದೂ ಅದೇ ತಿಂಗಳು, ಹಾಗಾಗಿ ಹೆಚ್ಚಿನವರಿಗೆ ಸಿಗುವುದು ಇದೇ ಊಟ. ಶಾಕಾಹಾರಿಗಳಿಗೆ ಬೇಳೆ ಸಾರು, ಬಸಳೆ ಅಂತ ಇರುತ್ತದೆ. ನಮ್ಮ ಘಟ್ಟದ ಮೇಲಿನವರಿಗೆ ತಂಬುಳಿ ಬೇಕಾದರೆ ಇಲ್ಲಿ ಸಿಗುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಸ್ನಾನದ ಮನೆ ಒಂದೇ. ಗಾಡಿ ಜಾಸ್ತಿ ನಿಂತ ದಿನ ಬೆಳಿಗ್ಗೆ ಸಾಲು ನಿಲ್ಲಬೇಕು. ಅಂಗಳಕ್ಕೆ ಜಲ್ಲಿ ಹಾಕಿದ್ದು ಮುಂದಿನ ಅರ್ಧಕ್ಕೆ ಮಾತ್ರ, ಹಿಂದುಗಡೆ ಮಳೆಯಲ್ಲಿ ಕೆಸರು. ಲೋಡ್ ಗಾಡಿಯನ್ನು ಹಿಂದೆ ಹಾಕಬೇಡಿ, ಚಕ್ರ ಹೂತರೆ ಎಳೆಯಲು ಇನ್ನೊಂದು ಗಾಡಿ ಬೇಕು. ಹದಿನಾರು ಚಕ್ರದವರು, ಉದ್ದನೆ ಟ್ರೇಲರಿನವರು ಒಳಗೆ ತಿರುಗಿಸಲು ಕಷ್ಟ. ಬೇಗ ಬಂದು ರಸ್ತೆಗೆ ಮುಖ ಮಾಡಿ ನಿಲ್ಲಿಸಿಕೊಂಡರೆ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಒಲೆ ಆರಿಸುತ್ತಾರೆ, ಬೆಳಿಗ್ಗೆ ಐದಕ್ಕೆ ಚಹಾ. ಹಲಗೆ ಹೊರಗೆ ಇರುವುದರಿಂದ ರಾತ್ರಿಯೂ ನೋಡಬಹುದು, ಆದರೆ ಕರೆಂಟ್ ಹೋದರೆ ಬ್ಯಾಟರಿ ಹಿಡಿದೇ ಓದಬೇಕು. ಪುಸ್ತಕ ಮಾತ್ರ ಒಳಗೆ ಇರುತ್ತದೆ, ಅದು ಬೇಕಾದರೆ ಬಾಗಿಲು ಹಾಕುವ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಈ ಸುದ್ದಿ ಅಂಕೋಲಾದ ಆಚೀಚೆಗೆ, ಘಟ್ಟಗಳಿಗೆ ಗಟ್ಟಿ. ಗೋವಾ ದಾಟಿದ ಮೇಲಿನದನ್ನು, ಕುಂದಾಪುರದ ಆಚೆಯದನ್ನು ಅಕ್ಕ ‘ನಂಗೆ ಗೊತ್ತಿಲ್ಲ’ ಅಂತ ನೇರ ಹೇಳುತ್ತಾರೆ. ನನಗೆ ಈ ಹೋಟೆಲ್ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದಲೇ. ಜಿಲ್ಲಾಧಿಕಾರಿಗಳ ಆದೇಶ ಬಂದು ರಸ್ತೆ ಮುಚ್ಚಿದ್ದರೆ, ಪೊಲೀಸರು ಬ್ಯಾರಿಕೇಡ್ ಇಟ್ಟಿದ್ದರೆ, ಯಾರೋ ದಾಟಿ ಬಂದರು ಅಂತ ಹಲಗೆಯಲ್ಲಿ ಬರೆಯುವುದಿಲ್ಲ. ಕದ್ದು ದಾಟಿದವರ ಸುದ್ದಿಗೆ ಅಲ್ಲಿ ಜಾಗ ಇಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಸ್ನಾನದ ಮನೆಗೆ ಮತ್ತು ಹಿಂದಿನ ಕೆಸರಿಗೆ. ಅಕ್ಕನಿಗೆ ಒಂದು ಕೋರಿಕೆ ಇದೆ, ಅವರ ಮಗಳು ಫೋನಿನಲ್ಲಿ ಇಂಥದ್ದನ್ನೆಲ್ಲ ಓದುತ್ತಾಳೆ, ಹೇಳಲಿ. ಹಲಗೆಯ ಹೆಸರುಗಳನ್ನು ಹಿಂದಿ ಮತ್ತು ಮಲಯಾಳಂ ಅಕ್ಷರದಲ್ಲೂ ಬರೆಸಿ. ಈ ದಾರಿಯಲ್ಲಿ ಹೊರರಾಜ್ಯದ ಗಾಡಿಯೂ ಬೇಕಾದಷ್ಟು ಓಡುತ್ತದೆ, ಅವರು ಕನ್ನಡ ಓದಲು ಬಾರದೆ ಊಟ ಮಾಡಿ ಹಾಗೇ ಎದ್ದು ಹೋಗುತ್ತಾರೆ. ಬಣ್ಣದ ಖರ್ಚು ನಾವು ನಾಲ್ಕು ಜನ ಡ್ರೈವರ್‌ಗಳು ಸೇರಿ ಕೊಡುತ್ತೇವೆ.